ಪೆಡಲ್ ಮೆತ್ತಗಾದರೆ ಡ್ರಮ್ಮನ್ನೂ ಬಿಚ್ಚಿ ನೋಡಿ

ಈ ವಾರ ಕಾರ್ಬ್ಯುರೇಟರ್ ಚೋಕ್ ಬಗ್ಗೆ ಬರೆಯುತ್ತೇನೆ ಎಂದಿದ್ದೆ. ಅದು ಕಾಯಲಿ. ಮಳೆ ನಿಂತು ಚಾರ್ಮಾಡಿ, ಆಗುಂಬೆ ಕಡೆ ಹೊರಡುವ ಕಾಲ ಬಂದಿದೆ. ಹಳೆಯ ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡವರದು ಒಂದೇ ದೂರು: ‘ಬ್ರೇಕ್ ಮೆತ್ತಗೆ ಹೋಗ್ತಿದೆ ಸರ್, ಎರಡು ಸಲ ಏರ್ ತೆಗೆಸಿದೆ, ಸರಿಹೋಗ್ಲಿಲ್ಲ.’

‘ಮೊದಲು ಏರ್ ತೆಗಿ’ ಎನ್ನುವ ಪಂಥದ ಮೇಲೆ ನನಗಿರುವ ಸಿಟ್ಟು ಈ ಅಂಕಣದ ಓದುಗರಿಗೆ ಹೊಸದಲ್ಲ. ಲೈನಿನಲ್ಲಿ ಗಾಳಿ ಸೇರಿದರೆ ಪೆಡಲ್ ಮೆತ್ತಗಾಗುವುದು ನಿಜ. ಆದರೆ ಗಾಳಿ ತಾನಾಗಿ ಹುಟ್ಟುವುದಿಲ್ಲ. ಎಲ್ಲೋ ಬಿಚ್ಚಿರುತ್ತಾರೆ, ಎಲ್ಲೋ ಸೋರಿರುತ್ತದೆ, ಇಲ್ಲವೇ ನೀರು ಹೀರಿಕೊಂಡ ಹಳೆಯ ಬ್ರೇಕ್ ಆಯಿಲ್ ಘಾಟಿ ಇಳಿಯುವಾಗ ಕುದಿದು ಆವಿಯಾಗಿರುತ್ತದೆ. ಹೊಸ ಡಾಟ್ 3 ಆಯಿಲ್ 205 ಡಿಗ್ರಿ ಸೆಲ್ಸಿಯಸ್ ತನಕ ತಾಳಬೇಕು, ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕಾರಣ ಹುಡುಕದೆ ಏರ್ ತೆಗೆದರೆ ಮತ್ತೆ ಅದೇ ಕತೆ.

ಅದಕ್ಕಿಂತ ಕೆಟ್ಟದ್ದು, ಏರ್ ತೆಗೆಯುವಾಗ ಪೆಡಲನ್ನು ನೆಲ ಮುಟ್ಟುವಂತೆ ತುಳಿಸುವುದು. ಮಾಸ್ಟರ್ ಸಿಲಿಂಡರಿನಲ್ಲಿ ರಬ್ಬರ್ ಕಪ್ ದಿನವೂ ಓಡಾಡುವ ಜಾಗ ನುಣುಪಾಗಿರುತ್ತದೆ. ಅದರಾಚೆ ವರ್ಷಗಟ್ಟಲೆ ಕೂತ ತುಕ್ಕು. ಅಲ್ಲಿಗೆ ನುಗ್ಗಿದ ಕಪ್ ಹರಿಯುತ್ತದೆ. ಚೆನ್ನಾಗಿದ್ದ ಸಿಲಿಂಡರನ್ನು ಕೆಡಿಸಿ, ಆಮೇಲೆ ಹೊಸ ಕಿಟ್ ಹಾಕಬೇಕು ಎನ್ನುತ್ತಾರೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟಿದ್ದರೆ ಸಾಕಿತ್ತು.

ಆದ್ದರಿಂದ ಮೊದಲು ಪೆಡಲನ್ನೇ ವಿಚಾರಿಸಿ. ಒಂದನೇ ತುಳಿತಕ್ಕೆ ಕೆಳಗೆ ಹೋಗಿ, ಎರಡನೆಯದಕ್ಕೆ ಮೇಲೆಯೇ ಗಟ್ಟಿಯಾಗಿ ನಿಂತರೆ ಶೂ ಅಡ್ಜಸ್ಟ್‌ಮೆಂಟ್ ಸಡಿಲವಾಗಿದೆ. ಒತ್ತಿ ಹಿಡಿದಾಗ ನಿಧಾನವಾಗಿ ಇಳಿಯುತ್ತಲೇ ಹೋದರೆ ಸೋರಿಕೆ ಇದೆ. ಹೊರಗೆಲ್ಲೂ ಒದ್ದೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಕಪ್ಪೇ ಆಯಿಲ್ ಬಿಟ್ಟುಕೊಡುತ್ತಿದೆ. ಅಂಥ ಗಾಡಿಯನ್ನು ರಸ್ತೆಗೆ ಇಳಿಸಲೇಬೇಡಿ. ಇಳಿಯದೆ, ಸ್ಪ್ರಿಂಗಿನ ಹಾಗೆ ಕಾಲನ್ನು ವಾಪಸ್ ತಳ್ಳಿದರೆ ಮಾತ್ರ ಗಾಳಿಯ ಮೇಲೆ ಅನುಮಾನ ಪಡಿ. ಒತ್ತಡಕ್ಕೆ ಉಬ್ಬುವ ಹಳೆಯ ರಬ್ಬರ್ ಹೋಸ್‌ಗಳ ಮೇಲೂ.

ಹೋಸ್ ಹೊಸದು, ಗಾಳಿಯೂ ಇಲ್ಲ, ಆದರೂ ಮೆತ್ತಗೆ. ಆಗ? ಇದನ್ನು ಕೇಳುವವರೇ ಕಡಿಮೆ. ಹಳೆಯ ಅಂಬಾಸಿಡರ್, ಪದ್ಮಿನಿಗಳಿಗೆ ನಾಲ್ಕೂ ಕಡೆ ಡ್ರಮ್. ಗೀರು ಬಿದ್ದಾಗಲೆಲ್ಲ ಲೇತಿಗೆ ಕೊಟ್ಟು ಟರ್ನಿಂಗ್ ಮಾಡಿಸಿ ಡ್ರಮ್ಮಿನ ಒಳವ್ಯಾಸ ಹಿಗ್ಗಿರುತ್ತದೆ. ಹೊಸ ಲೈನರಿನ ಬಾಗು ಮಾತ್ರ ಕಂಪನಿಯ ಮೂಲ ಅಳತೆಯದು. ಹಾಗಾಗಿ ಶೂ ನಡುಭಾಗದಲ್ಲಷ್ಟೇ ತಾಗುತ್ತದೆ, ತುದಿಗಳು ತಾಗುವುದೇ ಇಲ್ಲ. ವೀಲ್ ಸಿಲಿಂಡರ್ ತಳ್ಳುವುದು ತುದಿಯನ್ನು, ಶೂ ಬಾಗುತ್ತದೆ. ಲೈನಿನಲ್ಲಿ ಒಂದು ಗುಳ್ಳೆ ಇಲ್ಲದಿದ್ದರೂ ಆ ಬಾಗುವಿಕೆ ಕಾಲಿಗೆ ಮೆತ್ತಗೆ ಅನಿಸುತ್ತದೆ. ಎಷ್ಟು ಬಾಟಲಿ ಆಯಿಲ್ ಸುರಿದರೂ ಇದು ಹೋಗುವುದಿಲ್ಲ.

ಪರೀಕ್ಷೆ ಸುಲಭ. ಡ್ರಮ್ ಬಿಚ್ಚುವಾಗ ಎಚ್ಚರ, ಹಳೆಯ ಲೈನರಿನ ಪುಡಿಯಲ್ಲಿ ಕಲ್ನಾರು ಇರಬಹುದು. ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಒಣಗಿದ ಮೇಲೆ ಲೈನರಿಗೆ ಸೀಮೆಸುಣ್ಣ ಬಳಿದು, ಡ್ರಮ್ ಕೂರಿಸಿ, ಬ್ರೇಕನ್ನು ಹಗುರವಾಗಿ ತುಳಿಸಿಕೊಂಡು ಒಂದು ಸುತ್ತು ತಿರುಗಿಸಿ. ಮತ್ತೆ ಬಿಚ್ಚಿದಾಗ ಬಿಳುಪು ನಡುವೆ ಮಾತ್ರ ಅಳಿಸಿ ಎರಡೂ ತುದಿಗಳಲ್ಲಿ ಹಾಗೇ ಉಳಿದಿದ್ದರೆ ಕಳ್ಳ ಸಿಕ್ಕ.

ಮಿತಿ ಮೀರಿ ಸವೆದ ಡ್ರಮ್ಮನ್ನು ಬಿಸಾಕಬೇಕು, ಬೇರೆ ಮಾತಿಲ್ಲ. ಮಿತಿಯೊಳಗಿದ್ದರೆ ದಪ್ಪ ಲೈನರ್ ರಿವಿಟ್ ಹೊಡೆಸಿ, ಅದೇ ಡ್ರಮ್ಮಿನ ಬಾಗಿಗೆ ಗ್ರೈಂಡ್ ಮಾಡಿಸಿ. ಪೆಡಲ್ ಗಟ್ಟಿಯಾಗುತ್ತದೆ. ಈ ಕೆಲಸ ಬಲ್ಲವರು ಕಡಿಮೆಯಾಗುತ್ತಿದ್ದಾರೆ. ನಿಮ್ಮೂರಿನಲ್ಲಿ ಒಬ್ಬರಿದ್ದರೆ ಡ್ರಮ್ ಮತ್ತು ಶೂ ಎರಡನ್ನೂ ಒಟ್ಟಿಗೇ ಒಯ್ಯಿರಿ, ಕೂಲಿಗೆ ಚೌಕಾಸಿ ಮಾಡಬೇಡಿ. ಅವರ ಅಂಗಡಿ ಮುಚ್ಚಿದರೆ ಈ ಗಾಡಿಗಳನ್ನು ಘಾಟಿಗೆ ಇಳಿಸುವ ಹಕ್ಕೂ ನಮಗೆ ಉಳಿಯುವುದಿಲ್ಲ.