ಕೊಂಡ ಬೀಜದ ಒಡೆತನ

ಮಾರಿದ ವಸ್ತುವಿನ ಮೇಲೆ ಮಾರಿದವನ ಹಿಡಿತ ಎಲ್ಲಿಯವರೆಗೆ ಇರಬಹುದು ಎಂಬ ಪ್ರಶ್ನೆ ಇಂದು ಮೊಬೈಲ್, ಕಾರು, ಟ್ರ್ಯಾಕ್ಟರುಗಳ ದುರಸ್ತಿಯ ಸಂದರ್ಭದಲ್ಲಿ ಹೆಚ್ಚಾಗಿ ಚರ್ಚೆಯಾಗುತ್ತಿದೆಯಾದರೂ, ರಾಯಚೂರು ಸೀಮೆಯ ಮಟ್ಟಿಗೆ ಅದು ಬಿಗಿಯಾಗಿ ಎದುರಾಗುವುದು ಹತ್ತಿ ಬೀಜದ ಪಾಕೀಟಿನಲ್ಲಿ. ಯಂತ್ರ ಕೊಂಡವನು ಅದನ್ನು ಬಿಚ್ಚಿ ಬದಲಿಸಬಲ್ಲನೇ ಹೊರತು ಅದರಿಂದ ಇನ್ನೊಂದು ಯಂತ್ರವನ್ನು ಹುಟ್ಟಿಸಲಾರ. ಬೀಜವಾದರೋ ತನ್ನ ಸಂತತಿಯನ್ನು ತಾನೇ ಕೊಡುವ ಸರಕು, ಆದ್ದರಿಂದ ಅದನ್ನು ಮಾರುವವನಿಗೆ ಕೊಂಡವನೇ ನಾಳಿನ ಪ್ರತಿಸ್ಪರ್ಧಿ. ಈ ಇಕ್ಕಟ್ಟನ್ನು ಬಗೆಹರಿಸಲೆಂದು ಭಾರತ ರೂಪಿಸಿದ ಕಾನೂನು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ. ಅದರ ಗುಣದೋಷಗಳನ್ನು ದೇವದುರ್ಗ, ಮಾನ್ವಿಗಳ ಹೊಲದಲ್ಲಿ ಅಳೆಯುವುದು ದೆಹಲಿಯ ಕೋರ್ಟುಗಳಲ್ಲಿ ಅಳೆಯುವುದಕ್ಕಿಂತ ಹೆಚ್ಚು ಫಲಕಾರಿ.

ಕಾಯ್ದೆಯ 39ನೆಯ ಸೆಕ್ಷನ್ ಉದಾರವಾದದ್ದು. ಸಂರಕ್ಷಿತ ತಳಿಯ, ಅಂದರೆ ಅಭಿವೃದ್ಧಿಪಡಿಸಿದವರ ಹೆಸರಿನಲ್ಲಿ ನೋಂದಣಿಯಾದ ತಳಿಯ ಬೀಜವನ್ನೂ ರೈತ ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ಅದಲುಬದಲು ಮಾಡಬಹುದು, ಹಂಚಬಹುದು, ಮಾರಲೂಬಹುದು. ಆ ತಳಿಯದೆಂದು ಚೀಟಿ ಅಂಟಿಸಿ ಪಾಕೀಟು ಕಟ್ಟಿ ಮಾರುವುದೊಂದೇ ನಿಷಿದ್ಧ. 30ನೆಯ ಸೆಕ್ಷನ್ ಒಂದು ತಳಿಯನ್ನು ಆಧಾರವಾಗಿ ಬಳಸಿ ಇನ್ನೊಂದನ್ನು ಸೃಷ್ಟಿಸುವ ಸ್ವಾತಂತ್ರ್ಯವನ್ನು ಕೊಡುತ್ತದೆ, ಅಂದರೆ ಕೊಂಡ ಸರಕನ್ನು ಮಾರ್ಪಡಿಸುವ ಹಕ್ಕನ್ನೇ ಮಾನ್ಯ ಮಾಡುತ್ತದೆ. ಎರಡನೆಯ ಪೀಳಿಗೆಯಲ್ಲಿ ಮೊಳೆಯದಂತೆ ಬೀಜವನ್ನೇ ಬಂಜೆ ಮಾಡುವ 'ಟರ್ಮಿನೇಟರ್' ತಂತ್ರಜ್ಞಾನವಿರುವ ತಳಿಗೆ 29ನೆಯ ಸೆಕ್ಷನ್ ನೋಂದಣಿಯನ್ನೇ ನಿರಾಕರಿಸುತ್ತದೆ. ಅಮೆರಿಕದ ಸುಪ್ರೀಂ ಕೋರ್ಟು 2013ರ ಬೋಮನ್ ಪ್ರಕರಣದಲ್ಲಿ, ಧಾನ್ಯದ ಉಗ್ರಾಣದಿಂದ ಕೊಂಡ ಸೋಯಾಬೀನನ್ನು ಬಿತ್ತಿ ಮತ್ತೆ ಬೀಜ ಮಾಡಿಕೊಂಡ ರೈತನನ್ನು ಪೇಟೆಂಟ್ ಉಲ್ಲಂಘಿಸಿದವನೆಂದು ಒಮ್ಮತದಿಂದ ತೀರ್ಮಾನಿಸಿದ್ದನ್ನು ನೆನೆದರೆ, ಭಾರತದ ಶಾಸನಕರ್ತರು ತುಳಿದ ದಾರಿ ಎಷ್ಟು ಬೇರೆಯದೆಂಬುದು ತಿಳಿಯುತ್ತದೆ.

ಈ ಹಕ್ಕು ಮಾನ್ವಿಯ ನೀರಾವರಿ ಗದ್ದೆಗಳಲ್ಲಿ ನಿಜಕ್ಕೂ ಜೀವಂತವಾಗಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಬೆಳೆಯುವ ಭತ್ತದಲ್ಲಿ ದೊಡ್ಡ ಪಾಲು ಪಡೆದಿರುವ ಬಿಪಿಟಿ 5204, ಆಂಧ್ರದ ಬಾಪಟ್ಲಾ ಸಂಶೋಧನಾ ಕೇಂದ್ರದಿಂದ 1986ರಲ್ಲಿ ಬಂದ ಸಾರ್ವಜನಿಕ ತಳಿ. ತನ್ನದೇ ಪರಾಗದಿಂದ ಕಾಳುಕಟ್ಟುವ ಭತ್ತದಲ್ಲಿ ತಾಯಿಯ ಗುಣ ಮಗುವಿಗೆ ಬಹುಮಟ್ಟಿಗೆ ಹಾಗೆಯೇ ಇಳಿಯುವುದರಿಂದ, ಬೆರಕೆ ಗಿಡಗಳನ್ನು ಕಿತ್ತು ಬೆಳೆಸಿದ ಮಡಿಯ ಭತ್ತವನ್ನು ಒಣಗಿಸಿ ಚೀಲ ಕಟ್ಟಿಟ್ಟರೆ ಮುಂದಿನ ಹಂಗಾಮಿಗೆ ಬೀಜ ಸಿದ್ಧ. ತೊಗರಿಗೂ ಹಿಂಗಾರಿ ಜೋಳಕ್ಕೂ ಸ್ವಲ್ಪ ಹೆಚ್ಚಿನ ಎಚ್ಚರಿಕೆಯೊಡನೆ ಇದೇ ಮಾತು ಸಲ್ಲುತ್ತದೆ.

ಅದೇ ರೈತ ಎರೆಹೊಲದಲ್ಲಿ ಹತ್ತಿ ಹಾಕಿದಾಗ 39ನೆಯ ಸೆಕ್ಷನ್ ಬಹುಮಟ್ಟಿಗೆ ಕಾಗದದ ಮಾತಾಗುತ್ತದೆ. ಮಾರುಕಟ್ಟೆಯ ಬಿಟಿ ಹತ್ತಿ, ಅಂದರೆ ಮಣ್ಣಿನ ಒಂದು ಬ್ಯಾಕ್ಟೀರಿಯಾದ ವಂಶವಾಹಿಯನ್ನು ಸೇರಿಸಿಕೊಂಡು ಕಾಯಿಕೊರಕಕ್ಕೆ ವಿಷವಾಗುವ ಹತ್ತಿ, ಭಾರತದಲ್ಲಿ ಬಹುಪಾಲು ಸಂಕರ ತಳಿಯ ರೂಪದಲ್ಲಿಯೇ ಬಂದಿದೆ. ಎರಡು ಬೇರೆ ತಳಿಗಳನ್ನು ಕೂಡಿಸಿದಾಗ ಬರುವ ಮೊದಲ ಪೀಳಿಗೆಯ ಹುರುಪು ಮರುಬಿತ್ತನೆಯಲ್ಲಿ ಚದುರಿಹೋಗುತ್ತದೆ: ಗಿಡಗಳು ಏರುಪೇರಾಗುತ್ತವೆ, ಕಾಯಿ ಒಂದೇ ಹೊತ್ತಿಗೆ ಒಡೆಯುವುದಿಲ್ಲ, ವಂಶವಾಹಿಯೂ ಎಲ್ಲ ಗಿಡಗಳಲ್ಲಿ ಸಮನಾಗಿ ಉಳಿಯುವುದಿಲ್ಲ. ರಾಯಚೂರಿನ ರಾಜೇಂದ್ರ ಗಂಜಿಗೆ ಬರುವ ಒಂದು ಕ್ವಿಂಟಾಲ್ ಹತ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಅರಳೆ, ಉಳಿದದ್ದು ಕಾಳು. ಆ ಕಾಳು ಜಿನ್ನಿಂಗ್ ಮಿಲ್ಲಿನಿಂದ ಎಣ್ಣೆಗಾಣಕ್ಕೆ ಹೋಗಿ ಎಮ್ಮೆಗಳ ಹಿಂಡಿಯಾಗಿ ಊರಿಗೆ ಮರಳುತ್ತದೆ. ಅದನ್ನು ಬೆಳೆದವನು ಮುಂಗಾರಿಗೆ ಮತ್ತೆ ಪಾಕೀಟು ಹುಡುಕಿಕೊಂಡು, ಅನೇಕ ಸಲ ಉದ್ರಿಯಲ್ಲಿ, ಅಂಗಡಿಗೆ ಬರುತ್ತಾನೆ. ಮರುಬಿತ್ತನೆಯನ್ನು ತಡೆಯಲು ಇಲ್ಲಿ ಯಾವ ಕರಾರೂ ಬೇಕಿಲ್ಲ. ಟರ್ಮಿನೇಟರನ್ನು ಬಾಗಿಲಲ್ಲೇ ತಡೆದ ಕಾನೂನು, ಅದರ ಅರ್ಧ ಕೆಲಸವನ್ನು ಸದ್ದಿಲ್ಲದೆ ಮಾಡಿ ಮುಗಿಸುವ ಸಂಕರ ತಳಿಯ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ ಎಂಬುದೇ ಅದರ ದೊಡ್ಡ ಕೊರತೆ.

ಇದರ ಹೊಣೆಯನ್ನು ಪೂರ್ತಿಯಾಗಿ ಬಹುರಾಷ್ಟ್ರೀಯ ಕಂಪನಿಗಳ ತಲೆಗೆ ಕಟ್ಟುವ ರೂಢಿ ಇದೆ; ಅದು ಇತಿಹಾಸಕ್ಕೆ ಒಪ್ಪುವ ಮಾತಲ್ಲ. ಸಂಕರ ಹತ್ತಿಯನ್ನು ಹೊಲಕ್ಕೆ ತಂದದ್ದು ಸರ್ಕಾರಿ ಸಂಶೋಧನೆ: 1970ರಲ್ಲಿ ಗುಜರಾತಿನ ಎಚ್-4, 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿಯವರು ರೂಪಿಸಿದ ವರಲಕ್ಷ್ಮಿ. ಇಳುವರಿ, ಎಳೆಯ ಉದ್ದ ಎರಡರಲ್ಲೂ ಅವು ದೊಡ್ಡ ಸಾಧನೆಗಳೇ, ಆದರೆ ವರ್ಷಕ್ಕೊಮ್ಮೆ ಬೀಜ ಕೊಳ್ಳುವ ಅಭ್ಯಾಸವೂ ಅವುಗಳ ಬೆನ್ನಿಗೇ ಬಂತು, ಮತ್ತು 2002ರಲ್ಲಿ ಅನುಮತಿ ಪಡೆದ ಬಿಟಿ ಆ ಸಿದ್ಧ ದಾರಿಯಲ್ಲಿ ನಡೆಯಿತು. ಮರುಬಿತ್ತಬಹುದಾದ ಬಿಟಿ ತಳಿಯನ್ನು ಕೊಡುವ ಸಾರ್ವಜನಿಕ ಪ್ರಯತ್ನವೂ ನಡೆಯದೆ ಇರಲಿಲ್ಲ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೂಡಿ ತಂದ ಬಿಕಾನೇರಿ ನರ್ಮಾ ಬಿಟಿಯಲ್ಲಿ ಅಮೆರಿಕದ ಬೀಜ ಕಂಪನಿ ಮೊನ್ಸಾಂಟೊದ ವಂಶವಾಹಿಯೇ ಬೆರೆತಿರುವುದು ಪತ್ತೆಯಾಗಿ, ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ರೈತನ ಒಡೆತನಕ್ಕೆ ಬಿದ್ದ ಪೆಟ್ಟುಗಳಲ್ಲಿ ಇದು ಸಣ್ಣದಲ್ಲ, ಆದರೂ ಆ ವಂಶವಾಹಿಯ ಪೇಟೆಂಟ್ ಮತ್ತು ರಾಯಧನದ ಜಗಳಕ್ಕೆ ಸಿಕ್ಕ ಪ್ರಚಾರ ಇದಕ್ಕೆ ಸಿಗಲಿಲ್ಲ.

ಆ ಜಗಳ ಬೀಜ ಕಂಪನಿಗಳ ಒಳಗಿನದು. ಸಸ್ಯ, ಬೀಜ, ತಳಿಗಳಿಗೆ ಪೇಟೆಂಟ್ ಇಲ್ಲವೆನ್ನುವ ಪೇಟೆಂಟ್ ಕಾಯ್ದೆಯ 3(ಜೆ) ಉಪವಿಧಿಯ ಆಧಾರದ ಮೇಲೆ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2018ರ ಏಪ್ರಿಲ್‌ನಲ್ಲಿ ಮೊನ್ಸಾಂಟೊದ ಪೇಟೆಂಟನ್ನು ಅಸಿಂಧುವೆಂದಿತು; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ಬದಿಗಿಟ್ಟು ಪ್ರಕರಣವನ್ನು ಏಕಸದಸ್ಯ ಪೀಠಕ್ಕೆ ಮರಳಿಸಿತು; ಕೊನೆಗೆ ಕಕ್ಷಿದಾರರು ರಾಜಿಯಾದರು. ಇತ್ತ ಕೇಂದ್ರ ಸರ್ಕಾರ 2016ರಲ್ಲಿ ಎರಡನೆಯ ಪೀಳಿಗೆಯ ಬಿಟಿ ಹತ್ತಿಯ 450 ಗ್ರಾಂ ಪಾಕೀಟಿಗೆ 800 ರೂಪಾಯಿಯ ಮಿತಿ ಹಾಕಿ, ಅದರಲ್ಲಿ ವಂಶವಾಹಿಯ ರಾಯಧನ 49 ರೂಪಾಯಿ ಎಂದಿತು. 2019ರಲ್ಲಿ ಪಾಕೀಟು 730ಕ್ಕೆ ಇಳಿಯಿತು, 2020ರಲ್ಲಿ ರಾಯಧನ ಸೊನ್ನೆಯಾಯಿತು. ಆದರೆ 2024ರ ಹೊತ್ತಿಗೆ ಅದೇ ಪಾಕೀಟಿನ ಗರಿಷ್ಠ ದರ 864 ರೂಪಾಯಿ. ರಾಯಧನ ಹೋದ ಮೇಲೂ ಪ್ರತಿವರ್ಷದ ಖರೀದಿ ಹೋಗಲಿಲ್ಲ. ಹಿಡಿತ ಇದ್ದದ್ದು ಪೇಟೆಂಟಿಗಿಂತ ಹೆಚ್ಚಾಗಿ ಸಂಕರದಲ್ಲಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕೊಂಡವನ ಮೇಲಿನ ಮಿತಿಗಳೆಲ್ಲ ಅನ್ಯಾಯವೂ ಅಲ್ಲ. ಬಿಟಿಗೆ ಅನುಮತಿ ಕೊಟ್ಟಾಗ, ಹೊಲದ ಸುತ್ತ ಐದು ಸಾಲು ಅಥವಾ ಒಟ್ಟು ಕ್ಷೇತ್ರದ ಶೇ. 20, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟರಲ್ಲಿ ಬಿಟಿಯೇತರ ಹತ್ತಿಯನ್ನು ಬಿತ್ತಬೇಕೆಂಬ ಷರತ್ತಿತ್ತು. ಇದನ್ನು ಆಶ್ರಯ ಬೆಳೆ ಎನ್ನುತ್ತಾರೆ: ಅಲ್ಲಿ ವಿಷ ಕಾಣದೆ ಬೆಳೆದ ಹುಳಗಳು ವಿಷಕ್ಕೆ ಒಗ್ಗಿ ಬದುಕುಳಿದವುಗಳ ಜೊತೆ ಕೂಡಿದರೆ, ಒಗ್ಗುವ ಗುಣ ಬೇಗ ಹರಡುವುದಿಲ್ಲ. ಪಾಕೀಟಿನ ಜೊತೆ 120 ಗ್ರಾಂ ತೂಕದ ಸಣ್ಣ ಪೊಟ್ಟಣವೊಂದು ಬರುತ್ತಿತ್ತು. ಮೂರು ನಾಲ್ಕು ಎಕರೆಯ ಒಡೆಯ ಅದರಲ್ಲಿ ಐದನೆಯ ಒಂದು ಪಾಲನ್ನು ಹುಳಕ್ಕೆ ಬಿಟ್ಟುಕೊಡಲು ಒಪ್ಪಲಿಲ್ಲ, ಒಪ್ಪುವಂತೆ ಮಾಡಲು ಯಾರೂ ಪರಿಹಾರವನ್ನೂ ಕೊಡಲಿಲ್ಲ, ಪೊಟ್ಟಣ ಹೊಲದ ಬದುವಿನಲ್ಲಿ ಬಿತ್ತು. 2015ರ ಹೊತ್ತಿಗೆ ರಾಯಚೂರು ಜಿಲ್ಲೆಯ ಬಿಟಿ ಹೊಲಗಳಲ್ಲಿ ಗುಲಾಬಿ ಕಾಯಿಕೊರಕ ಮತ್ತೆ ಹಾವಳಿ ಎಬ್ಬಿಸಿತ್ತು. ಆಶ್ರಯ ಬೆಳೆಯ ಕೊರತೆ ಅದರ ಒಂದೇ ಕಾರಣವಲ್ಲದಿದ್ದರೂ ಕಾರಣಗಳಲ್ಲಿ ಒಂದು. ಎರಡೂ ಬೀಜಗಳನ್ನು ಒಂದೇ ಪಾಕೀಟಿನಲ್ಲಿ ಬೆರೆಸಿ ಕೊಡುವ ಈಚಿನ ಕ್ರಮ ರೈತನ ಆಯ್ಕೆಯನ್ನು ಕಸಿದುಕೊಳ್ಳುತ್ತದೆ, ನಿಜ. ಆದರೆ ನೆರೆಹೊಲದ ಹಿತಕ್ಕಾಗಿ ಕಸಿದುಕೊಂಡ ಆಯ್ಕೆ ಅದು, ಮೊದಲ ದಿನದಿಂದಲೇ ಹಾಗೆ ಕೊಡಬೇಕಿತ್ತು.

ಬೀಜ ಕೈಕೊಟ್ಟಾಗ ರೈತನಿಗೆ ಇರುವ ಗಟ್ಟಿ ಆಸರೆ ಬಂದದ್ದು ಗ್ರಾಹಕ ಕಾನೂನಿನಿಂದ. 2012ರ ರಾಷ್ಟ್ರೀಯ ಬೀಜ ನಿಗಮ ಮತ್ತು ಮಧುಸೂದನ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬೀಜ ಕೊಂಡ ರೈತ ಗ್ರಾಹಕನೇ ಎಂದು ಹೇಳಿತಲ್ಲದೆ, ಕೊಂಡದ್ದನ್ನೆಲ್ಲ ಬಿತ್ತಿಬಿಡುವ ರೈತ ಪ್ರಯೋಗಾಲಯದ ಪರೀಕ್ಷೆಗೆಂದು ಮಾದರಿ ಉಳಿಸಿಡಬೇಕೆಂದು ನಿರೀಕ್ಷಿಸಲಾಗದು ಎಂದೂ ಹೇಳಿತು. ತಳಿ ಕಾಯ್ದೆಯಲ್ಲಿಯೂ ಪರಿಹಾರದ ಉಪವಿಧಿ ಇದೆ, ಆದರೆ ಅದು ಅನ್ವಯಿಸುವುದು ಅಭಿವೃದ್ಧಿಪಡಿಸಿದವರು ಮೊದಲೇ ಘೋಷಿಸಿದ ಇಳುವರಿ ಸಿಗದಿದ್ದಾಗ, ಅದೂ ನೋಂದಾಯಿತ ತಳಿಗೆ. ಎರಡು ದಾರಿಗಳಲ್ಲೂ ಬೇಕಾಗುವ ರಶೀದಿ ಉದ್ರಿ ಖರೀದಿಯಲ್ಲಿ ಅನೇಕ ಸಲ ಕೈಗೆ ಸಿಗುವುದೇ ಇಲ್ಲ.

ಈಚೆಗೆ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಸಂಕರವಲ್ಲದ, ಮರುಬಿತ್ತಬಹುದಾದ ಬಿಟಿ ತಳಿಗಳನ್ನು ಮತ್ತೆ ಹೊರತಂದಿದೆ. ಒಮ್ಮೆ ಕೊಂಡವನು ಮರುವರ್ಷ ಬಾರದ ಸರಕನ್ನು ಮುಂದಿನ ಸಾಲಿನಲ್ಲಿಟ್ಟು ಮಾರಲು ಅಂಗಡಿಯವನಿಗೆ ಕಾರಣವಿಲ್ಲವಾದ್ದರಿಂದ, ಅವು ದೇವದುರ್ಗದ ಹೊಲ ತಲುಪಬೇಕಾದರೆ ರೈತ ಸಂಪರ್ಕ ಕೇಂದ್ರಗಳ ಮೂಲಕವೇ ತಲುಪಬೇಕು. ತಲುಪಿದ ಮೇಲೂ ಒಂದು ತೊಡಕು ಉಳಿಯುತ್ತದೆ. ಭತ್ತವನ್ನು ಬಡಿದರೆ ಬೀಜ ಉದುರುತ್ತದೆ, ಹತ್ತಿಯ ಬೀಜ ಮಾತ್ರ ಎಳೆಗೆ ಅಂಟಿಕೊಂಡೇ ಬರುತ್ತದೆ. ಊರೂರಿನ ಹತ್ತಿಯೆಲ್ಲ ಒಟ್ಟಾಗಿ ಬೀಳುವ ದೊಡ್ಡ ಮಿಲ್ಲಿನಲ್ಲಿ ಒಬ್ಬ ರೈತನ ಅರ್ಧ ಕ್ವಿಂಟಾಲನ್ನು ಬೇರೆಯಾಗಿ ಬಿಡಿಸಿ, ಅವನ ಕಾಳನ್ನು ಅವನಿಗೇ ಮರಳಿಸುವ ವ್ಯವಸ್ಥೆ ಇಲ್ಲ. ಮರುಬಿತ್ತುವ ಹಕ್ಕನ್ನು ಬರೆದಿಟ್ಟ ಕಾಯ್ದೆಯನ್ನು ಈ ಸೀಮೆಯಲ್ಲಿ ಜಾರಿಗೆ ತರಬೇಕಾದರೆ ಮೊದಲು ಬೇಕಾದದ್ದು ಹೋಬಳಿಗೊಂದು ಸಣ್ಣ ಜಿನ್ನಿಂಗ್ ಯಂತ್ರ.