ಶಬ್ದಾರ್ಥದ ಕರ್ತೃ: ಗಡಿನಾಡ ಕನ್ನಡ ಪಠ್ಯಗಳಲ್ಲಿ ಸಂಪಾದಕೀಯ ಸಹಾಯಕರ ಕೆಲಸ

ಗಡಿನಾಡಿನ ಕನ್ನಡ ಪಠ್ಯಪುಸ್ತಕಗಳ ಕುರಿತ ವಿಮರ್ಶೆ ಸಾಮಾನ್ಯವಾಗಿ ಪರಿವಿಡಿಯಲ್ಲೇ ನಿಂತುಬಿಡುತ್ತದೆ. ಯಾವ ಕವಿಗೆ ಸ್ಥಾನ ದೊರೆಯಿತು, ಯಾರನ್ನು ಕೈಬಿಡಲಾಯಿತು, ಸ್ಥಳೀಯ ಲೇಖಕರೆಷ್ಟು, ಕರ್ನಾಟಕದವರೆಷ್ಟು ಎಂಬ ಎಣಿಕೆಯಲ್ಲೇ ಚರ್ಚೆ ಮುಗಿಯುತ್ತದೆ. ಪಾಠದ ನಂತರ ಬರುವ ಶಬ್ದಾರ್ಥ, ಟಿಪ್ಪಣಿ, ಪ್ರಶ್ನೆ, ಚಟುವಟಿಕೆಯ ಸೂಚನೆಗಳನ್ನು ವಿಮರ್ಶೆಗೆ ಯೋಗ್ಯವಾದ ಬರಹವೆಂದು ಓದುವವರು ವಿರಳ. ಮಗು ತಿರುತಿರುಗಿ ಬರುವುದು ಮಾತ್ರ ಆ ಪುಟಕ್ಕೇ. ಕರಡು ತಿದ್ದುವುದು, ಲೇಖಕರ ಅನುಮತಿಪತ್ರ ತರಿಸುವುದು, ಚಿತ್ರಗಾರರಿಗೆ ಸೂಚನೆ ಬರೆಯುವುದು ಮೊದಲಾದ ಹತ್ತಾರು ಕೆಲಸಗಳ ನಡುವೆ ಆ ಪುಟಕ್ಕೆ ಕೊನೆಯ ರೂಪ ಕೊಡುವ ಹೊಣೆ ಬಹುಮಟ್ಟಿಗೆ ಸಂಪಾದಕೀಯ ಸಹಾಯಕರ ಮೇಲೆ ಬೀಳುತ್ತದೆ.

1967ರಲ್ಲಿ ಸ್ಥಾಪನೆಯಾದ ಪುಣೆಯ ಬಾಲಭಾರತಿ, ಕನ್ನಡವೂ ಸೇರಿದಂತೆ ಎಂಟು ಭಾಷೆಗಳಲ್ಲಿ ಪಠ್ಯಪುಸ್ತಕ ಹೊರತರುವ ಸಂಸ್ಥೆ. ಅದರ ಪುಸ್ತಕಗಳ ಮುದ್ರಣವಿವರದ ಪುಟದಲ್ಲಿ ಸಮಿತಿಯ ಸದಸ್ಯರು, ಚಿತ್ರಗಾರರು, ಅಕ್ಷರಜೋಡಣೆ, ಮುದ್ರಕರು ಎಲ್ಲವೂ ದಾಖಲಾಗಿರುತ್ತವೆ. ಕಾಗದ 70 ಜಿಎಸ್ಎಂ ತೂಕದ್ದೆಂಬ ಸಂಗತಿಯೂ ಇರುತ್ತದೆ. ಯಾವ ಪದಕ್ಕೆ ಅರ್ಥ ಬೇಕು, ಯಾವುದಕ್ಕೆ ಬೇಡ ಎಂದು ನಿರ್ಧರಿಸಿದವರು ಯಾರೆಂಬುದು ಮಾತ್ರ ಅಲ್ಲಿಂದ ತಿಳಿಯದು.

ಆ ನಿರ್ಧಾರ ಕ್ಷುಲ್ಲಕವಲ್ಲ. ಅಕ್ಕಲಕೋಟೆ, ಜತ್ತಗಳ ಮಗುವಿಗೆ ಉಳ್ಳಾಗಡ್ಡಿ ಮನೆಮಾತು. ಕಾಸರಗೋಡಿನ ಮಗುವಿಗೆ ಅದೇ ವಸ್ತು ನೀರುಳ್ಳಿ. ಬೆಂಗಳೂರು, ಮೈಸೂರಿನ ಬರಹಕ್ಕೆ ಈರುಳ್ಳಿ. ಪಾಠದಲ್ಲಿ ಉಳ್ಳಾಗಡ್ಡಿ ಬಂದಾಗ ಕೆಳಗೆ ‘ಈರುಳ್ಳಿ’ ಎಂದು ಅರ್ಥ ಕೊಟ್ಟರೆ, ಮಗುವಿನ ಮನೆಯ ಮಾತೇ ವಿವರಣೆ ಬೇಡುವ ಕಠಿಣಪದವಾಗುತ್ತದೆ. ಪಾಠದಲ್ಲಿ ಈರುಳ್ಳಿ ಬಂದು ಅದಕ್ಕೆ ‘ಉಳ್ಳಾಗಡ್ಡಿ’ ಎಂದು ಅರ್ಥ ಬರೆದರೆ ದಿಕ್ಕು ತಿರುಗುತ್ತದೆ. ಮನೆಯ ಮಾತು ಶಿಷ್ಟಭಾಷೆಗೆ ಭಾಷ್ಯವಾಗುತ್ತದೆ. ಎರಡರಲ್ಲೂ ಬಳಕೆಯಾದ ಪದಗಳು ಅವೇ. ವ್ಯತ್ಯಾಸ ಹುಟ್ಟುವುದು ಯಾವುದು ಮೊದಲು, ಯಾವುದು ಅನಂತರ ಎಂಬುದರಿಂದ. ಶಿಷ್ಟರೂಪವನ್ನೇ ಬಿಟ್ಟುಬಿಡಬೇಕೆಂಬ ವಾದ ಇಲ್ಲಿ ನಿಲ್ಲದು. ಜತ್ತದ ವಿದ್ಯಾರ್ಥಿ ಮುಂದೆ ವಿಜಯಪುರದಲ್ಲಿ ಓದಬೇಕಾಗಬಹುದು. ಅವನಿಗೆ ಎರಡೂ ಬೇಕು.

ಇನ್ನೂ ಸೂಕ್ಷ್ಮವಾದ ತೊಡಕು ಇರುವುದು ಸೂಚನಾವಾಕ್ಯಗಳಲ್ಲಿ. ಪಾಠಗಳನ್ನು ಕನ್ನಡದಲ್ಲೇ ಆಯ್ದರೂ, ಅಭ್ಯಾಸದ ಚೌಕಟ್ಟು ರಾಜ್ಯಭಾಷೆಯಲ್ಲಿ ರೂಪುಗೊಂಡ ಪಠ್ಯಕ್ರಮವನ್ನು ಅನುಸರಿಸಬೇಕಾಗುತ್ತದೆ. ಅಲ್ಲಿ ಸಂಸ್ಕೃತಮೂಲದ ಸಮಾನಪದಗಳೇ ಬಲೆಗಳು. ಮಲಯಾಳದ ‘ಉಪನ್ಯಾಸಂ’ ಪ್ರಬಂಧ. ಕನ್ನಡದ ಉಪನ್ಯಾಸ ಭಾಷಣ. ಮಲಯಾಳದ ‘ವ್ಯವಸಾಯಂ’ ಕೈಗಾರಿಕೆ. ಕನ್ನಡದ ವ್ಯವಸಾಯ ಬೇಸಾಯ. ಮರಾಠಿಯ ‘ಉದ್ಯೋಗ’ ಕೈಗಾರಿಕೆಯನ್ನೂ ಸೂಚಿಸುತ್ತದೆ; ಕನ್ನಡದಲ್ಲಿ ಅದು ನೌಕರಿ. ಮಲಯಾಳದ ‘ಅವಸರಂ’ ಅವಕಾಶ ಎಂಬ ಅರ್ಥದ್ದು. ಹಳೆಯ ಕನ್ನಡ ಕಾವ್ಯದಲ್ಲಿ ಅವಸರಕ್ಕೆ ಸಂದರ್ಭವೆಂಬ ಅರ್ಥವಿದ್ದರೂ ಇಂದಿನ ಓದುಗನಿಗೆ ಅದು ಆತುರವೇ. ಗುಂಪಿನಲ್ಲಿ ಎಲ್ಲರಿಗೂ ಮಾತನಾಡಲು ಅವಸರ ನೀಡಬೇಕೆಂಬ ಸೂಚನೆ ಅಚ್ಚಾದರೆ ತರಗತಿಯ ಗತಿಯೇನು!

ನಗು ಬರಿಸುವ ಈ ತಪ್ಪು ಕರಡಿನಲ್ಲಿ ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಕಾರಣ, ತಿದ್ದುವವರು ದ್ವಿಭಾಷಿಕರು. ಮಲಯಾಳ ಬಲ್ಲ ಕಣ್ಣಿಗೆ ವಾಕ್ಯ ಸರಿಯಾಗಿಯೇ ಓದಿಕೊಳ್ಳುತ್ತದೆ, ಏಕೆಂದರೆ ಮನಸ್ಸು ಅದನ್ನು ಇನ್ನೊಂದು ಭಾಷೆಯ ಮೂಲಕ ಓದಿರುತ್ತದೆ. ದ್ವಿಭಾಷಿಕತೆಯನ್ನು ಸಂಪನ್ಮೂಲವೆಂದು ಕೊಂಡಾಡುವ ನಮ್ಮ ವಿದ್ವತ್ಪ್ರಪಂಚ ಈ ಕುರುಡುಬಿಂದುವನ್ನು ಅಷ್ಟಾಗಿ ಪರಿಶೀಲಿಸಿಲ್ಲ. ಆದುದರಿಂದಲೇ ಸಂಪಾದಕೀಯ ಸಹಾಯಕರಿಗೆ ಎರಡು ಭಾಷೆ ಗೊತ್ತಿದ್ದರೆ ಸಾಲದು. ತಿದ್ದುವಾಗ ಒಂದನ್ನು ಗೊತ್ತಿಲ್ಲದವರಂತೆ ಓದುವ ಶಿಸ್ತು ಬೇಕು. ಮಲಯಾಳ ಇನ್ನೂ ಕೈಗೆ ಹತ್ತದ ತುಳು ಮನೆಯ ಮಗು ಆ ವಾಕ್ಯವನ್ನು ಹೇಗೆ ಓದೀತು ಎಂದು ಊಹಿಸಬಲ್ಲ ಶಕ್ತಿ ವ್ಯಾಕರಣಜ್ಞಾನಕ್ಕಿಂತ ಬೇರೆಯದು.

ಲಿಪಿಯ ತೊಂದರೆಯೂ ಉಂಟು. ಮರಾಠಿಯ ನಾಗರಿ ಬರಹ ಹ್ರಸ್ವ ಎ, ಒಗಳನ್ನು ದೀರ್ಘದಿಂದ ಬೇರ್ಪಡಿಸದು. ಊರ ಹೆಸರು ಮರಾಠಿಯಿಂದ ಮರಳಿ ಕನ್ನಡಕ್ಕೆ ಬರುವಾಗ, ಅದು ಸ್ಥಳೀಯರ ಬಾಯಲ್ಲಿ ಹೇಗಿದೆ ಎಂದು ವಿಚಾರಿಸದೆ ಬೇರೆ ದಾರಿಯಿಲ್ಲ.

1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. ಪುಸ್ತಕ ಅಚ್ಚಾಗಿ ಶಾಲೆ ಸೇರಿದರೆ ಸೌಲಭ್ಯದ ಲೆಕ್ಕ ಮುಗಿಯಿತು. ಅದರೊಳಗಿನ ಕನ್ನಡ ಯಾರದೆಂಬ ಪ್ರಶ್ನೆ ಲೆಕ್ಕಕ್ಕೆ ಬರುವುದಿಲ್ಲ. ಕೇರಳದಲ್ಲಿ 2024ರಲ್ಲಿ 1, 3, 5, 7, 9ನೆಯ ತರಗತಿಗಳ ಪುಸ್ತಕಗಳು, ಮರುವರ್ಷ ಉಳಿದವುಗಳು ಬದಲಾದವು. ಹೀಗೆ ಪಠ್ಯ ಬದಲಾದಾಗಲೆಲ್ಲ ಹಳೆಯ ಪುಸ್ತಕ ಗ್ರಂಥಾಲಯದಲ್ಲಿ ಉಳಿದೀತು. ತಿದ್ದಿದ ಕರಡು, ಹೊಡೆದುಹಾಕಿದ ಪದ, ಅಂಚಿನಲ್ಲಿ ಬರೆದ ಸಂದೇಹಗಳನ್ನು ಯಾರಾದರೂ ಎತ್ತಿಡದಿದ್ದರೆ ಅವು ಉಳಿಯುವುದಿಲ್ಲ. ಗಡಿನಾಡ ಕನ್ನಡದ ಅಧ್ಯಯನಕ್ಕೆ ಆ ಕರಡುಗಳಿಗಿಂತ ನೇರವಾದ ಆಕರ ದುರ್ಲಭ. ಅವುಗಳನ್ನು ಕೇಳಿ ಪಡೆದು, ಪರಿಷ್ಕರಣೆಯ ವರ್ಷಾನುಕ್ರಮದಲ್ಲಿ ಜೋಡಿಸಿಡುವುದು ಸಂಶೋಧನ ಕೇಂದ್ರಗಳಿಗೆ ಸಾಧ್ಯವಾಗುವ ಕೆಲಸ.