ಕಾನೂನು ಕಾರ್ಡಿಫ್‌ನದು, ಕಟಕಟೆ ಲಂಡನ್ನಿನದು: ವೇಲ್ಸ್ ಕಾಯ್ದೆಯ ನಾಲ್ಕು ಸಾಲುಗಳ ವ್ಯಾಖ್ಯಾನ

ವೇಲ್ಸ್ ನಾಡಿನ ರಾಜಧಾನಿ ಕಾರ್ಡಿಫ್‌ನಲ್ಲಿರುವ ಶಾಸನಸಭೆಯ ಹೆಸರು ಸೆನೆದ್. ಅದು ನಿಂತಿರುವುದು 2006ರ ವೇಲ್ಸ್ ಸರ್ಕಾರ ಕಾಯ್ದೆಯ ಮೇಲೆ. ಬ್ರಿಟಿಷ್ ಸಂಸತ್ತು 2017ರಲ್ಲಿ ಆ ಕಾಯ್ದೆಗೆ ದೊಡ್ಡ ತಿದ್ದುಪಡಿ ತಂದಿತು. ನ್ಯಾಯಾಲಯ, ಪೊಲೀಸ್, ಸೆರೆಮನೆಗಳ ಹೊಣೆಯನ್ನು ಸೆನೆದ್‌ಗೆ ಒಪ್ಪಿಸಬೇಕೇ ಎಂಬ ವಾದಕ್ಕೆ ಈ ಕಾಯ್ದೆಯ ಕೆಲವೇ ಸಾಲುಗಳು ಮೂಲ. ಅವುಗಳ ತಾತ್ಪರ್ಯವನ್ನು ಒಂದೊಂದಾಗಿ ಕೊಟ್ಟು ವಿವರಿಸುತ್ತೇನೆ.

1. ಸೆನೆದ್ ಮತ್ತು ವೇಲ್ಸ್ ಸರ್ಕಾರ ಬ್ರಿಟನ್ನಿನ ಸಂವಿಧಾನ ವ್ಯವಸ್ಥೆಯ ಶಾಶ್ವತ ಅಂಗಗಳು. ವೇಲ್ಸ್ ಜನ ಜನಮತಗಣನೆಯಲ್ಲಿ ತೀರ್ಮಾನಿಸದ ಹೊರತು ಅವನ್ನು ರದ್ದು ಮಾಡುವಂತಿಲ್ಲ.

‘ಶಾಶ್ವತ’ ಎಂಬ ಪದವನ್ನು ಜನರೇ ದುಡಿದು ಗಳಿಸಿದರು. 1997ರ ಜನಮತಗಣನೆಯಲ್ಲಿ ಶಾಸನಸಭೆ ಬೇಕೆಂದವರು ಶೇ 50.3 ಮಾತ್ರ, ಗೆಲುವಿನ ಅಂತರ 6,721 ಮತ. 2011ರಲ್ಲಿ ಪೂರ್ಣ ಪ್ರಮಾಣದ ಕಾನೂನು ರಚನೆಯ ಅಧಿಕಾರ ಕೊಡಬಹುದೇ ಎಂದು ಕೇಳಿದಾಗ ಸುಮಾರು ಶೇ 63.5 ಮಂದಿ ಹೌದೆಂದರು. ಸದಸ್ಯರ ಸಂಖ್ಯೆಯನ್ನು 60ರಿಂದ 96ಕ್ಕೆ ಏರಿಸುವ ಕಾಯ್ದೆಯೂ 2024ರಲ್ಲಿ ಬಂತು. ಹಾಗಾಗಿ ಈ ಸಭೆ ಇರಬೇಕೇ ಬೇಡವೇ ಎಂಬ ಪ್ರಶ್ನೆ ಹಳೆಯದಾಯಿತು. ಇದ್ದ ಮೇಲೆ ಅದಕ್ಕೆ ಏನೇನು ಹೊಣೆ ಇರಬೇಕು ಎಂಬುದು ಈಗಿನ ಪ್ರಶ್ನೆ.

2. ವೇಲ್ಸ್‌ಗೆ ಅನ್ವಯಿಸುವ ಕಾನೂನಿನಲ್ಲಿ ಸೆನೆದ್ ಹಾಗೂ ವೇಲ್ಸ್ ಸಚಿವರು ರಚಿಸಿದ ಕಾನೂನೂ ಸೇರಿದೆ. ಅದು ‘ಇಂಗ್ಲೆಂಡ್ ಮತ್ತು ವೇಲ್ಸ್’ ಕಾನೂನಿನ ಭಾಗ.

ಮೊದಲರ್ಧ ಕೊಟ್ಟದ್ದನ್ನು ಎರಡನೆಯ ಅರ್ಧ ಹಿಂದಕ್ಕೆ ಪಡೆಯುತ್ತದೆ. ವೇಲ್ಸ್‌ಗೆ ತನ್ನದೇ ಕಾನೂನು ಇದೆಯೆಂದು ಒಪ್ಪಿ, ಆ ಕಾನೂನಿಗೆ ತನ್ನದೇ ನ್ಯಾಯವ್ಯಾಪ್ತಿ ಇಲ್ಲ ಎನ್ನುತ್ತದೆ. ಇದರ ಬೇರು ಎಂಟನೆಯ ಹೆನ್ರಿಯ ಕಾಲದಲ್ಲಿದೆ. 1536ರ ಕಾಯ್ದೆ ವೇಲ್ಸ್‌ನ ಮೇಲೆ ಇಂಗ್ಲಿಷ್ ಕಾನೂನನ್ನು ಹೊರಿಸಿ, ನ್ಯಾಯಾಲಯದ ಭಾಷೆ ಇಂಗ್ಲಿಷ್ ಎಂದು ವಿಧಿಸಿತು. ವೇಲ್ಸ್‌ಗೆಂದೇ ಇದ್ದ ಮಹಾಧಿವೇಶನ ನ್ಯಾಯಾಲಯಗಳೂ 1830ರಲ್ಲಿ ರದ್ದಾದವು. ಸ್ಕಾಟ್ಲೆಂಡ್ 1707ರ ಒಕ್ಕೂಟದ ನಂತರವೂ ತನ್ನ ಕಾನೂನು, ತನ್ನ ನ್ಯಾಯಾಲಯಗಳನ್ನು ಉಳಿಸಿಕೊಂಡಿತು. ಉತ್ತರ ಐರ್ಲೆಂಡಿಗೆ ಪೊಲೀಸ್ ಮತ್ತು ನ್ಯಾಯದ ಹೊಣೆ 2010ರಲ್ಲಿ ಬಂತು. ಮೂರರಲ್ಲಿ ವೇಲ್ಸ್ ಒಂದಕ್ಕೇ ಅದು ದಕ್ಕಿಲ್ಲ.

3. ಇಂಗ್ಲೆಂಡ್ ಮತ್ತು ವೇಲ್ಸ್‌ನ ಏಕ ನ್ಯಾಯವ್ಯಾಪ್ತಿ, ನ್ಯಾಯಾಲಯ, ನ್ಯಾಯಾಧೀಶರು, ಪೊಲೀಸ್, ಸೆರೆಮನೆ: ಇವು ಸಂಸತ್ತಿಗೆ ಮೀಸಲು.

ಇದು ಕಾಯ್ದೆಯ ಏಳನೆಯ ‘ಎ’ ಅನುಸೂಚಿಯ ಸಾರ. ಜನರ ಬದುಕಿಗೆ ತಟ್ಟುವುದು ಇದೇ ಸಾಲು.

ಮಕ್ಕಳನ್ನು ಹೊಡೆದ ತಂದೆತಾಯಿ ‘ಶಿಸ್ತಿಗಾಗಿ ಹೊಡೆದೆ’ ಎಂದು ಸಮರ್ಥಿಸಿಕೊಳ್ಳುವ ಅವಕಾಶವನ್ನು ಸೆನೆದ್ ತೆಗೆದುಹಾಕಿತು. 2022ರ ಮಾರ್ಚ್‌ನಿಂದ ಅದು ಜಾರಿಯಲ್ಲಿದೆ. ಆ ಕಾನೂನನ್ನು ಜಾರಿಗೆ ತರುವ ಪೊಲೀಸರ ಬಗ್ಗೆಯಾಗಲಿ, ಮೊಕದ್ದಮೆ ಹೂಡುವ ಇಲಾಖೆಯ ಬಗ್ಗೆಯಾಗಲಿ, ವಿಚಾರಣೆ ನಡೆಸುವ ನ್ಯಾಯಾಲಯದ ಬಗ್ಗೆಯಾಗಲಿ ಕಾನೂನು ಮಾಡುವ ಅಧಿಕಾರ ಅದೇ ಸೆನೆದ್‌ಗೆ ಇಲ್ಲ.

ಸೆರೆಮನೆಯನ್ನೇ ನೋಡಿ. ವೇಲ್ಸ್‌ನಲ್ಲಿ ಹೆಂಗಸರ ಸೆರೆಮನೆ ಒಂದೂ ಇಲ್ಲ. ಶಿಕ್ಷೆಯಾದ ತಾಯಿಯನ್ನು ಇಂಗ್ಲೆಂಡಿನ ಈಸ್ಟ್‌ವುಡ್ ಪಾರ್ಕ್‌ಗೋ ಸ್ಟೈಲ್‌ಗೋ ಕಳಿಸುತ್ತಾರೆ. ಮಕ್ಕಳು ಅವಳನ್ನು ನೋಡಲು ಗಡಿ ದಾಟಿ ಹೋಗಬೇಕು. ಬಿಡುಗಡೆಯಾಗಿ ಬಂದವಳಿಗೆ ಮನೆ, ವೈದ್ಯ, ವ್ಯಸನಮುಕ್ತಿ ಚಿಕಿತ್ಸೆ, ಮಕ್ಕಳ ಶಾಲೆ ಎಲ್ಲವೂ ಕಾರ್ಡಿಫ್ ಸರ್ಕಾರದ ಹೊಣೆ. ಶಿಕ್ಷೆಯ ಅವಧಿ, ಸೆರೆಮನೆಯ ಜಾಗ, ಪ್ರೊಬೇಷನ್ ಲಂಡನ್ನಿನ ಹೊಣೆ. ಎರಡರ ನಡುವೆ ಬಿದ್ದವಳ ಪರವಾಗಿ ಯಾವ ಮಂತ್ರಿಯನ್ನು ಕೇಳಬೇಕು?

ಇದನ್ನು ಕೂಲಂಕಷವಾಗಿ ನೋಡಿದವರು ಇಂಗ್ಲೆಂಡ್ ಮತ್ತು ವೇಲ್ಸ್‌ನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಲಾರ್ಡ್ ಥಾಮಸ್. ಅವರ ಅಧ್ಯಕ್ಷತೆಯ ಆಯೋಗ 2019ರಲ್ಲಿ ಒಮ್ಮತದ ವರದಿ ಕೊಟ್ಟಿತು: ಈಗಿನ ವ್ಯವಸ್ಥೆ ವೇಲ್ಸ್ ಜನರಿಗೆ ನ್ಯಾಯ ಒದಗಿಸುತ್ತಿಲ್ಲ, ನ್ಯಾಯದ ಹೊಣೆ ಸೆನೆದ್‌ಗೆ ಬರಬೇಕು. ಅಧಿಕಾರ ಇಲ್ಲದಿದ್ದರೂ ನ್ಯಾಯವ್ಯವಸ್ಥೆಯ ಖರ್ಚಿನಲ್ಲಿ ಶೇ 40ರ ಹತ್ತಿರ ಹಣ ವೇಲ್ಸ್‌ನಿಂದಲೇ ಬರುತ್ತಿದೆ ಎಂಬುದನ್ನೂ ಆಯೋಗ ತೋರಿಸಿತು. ಅದೇ ವರ್ಷ ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು, ಜನಸಂಖ್ಯೆಗೆ ಹೋಲಿಸಿದರೆ ಪಶ್ಚಿಮ ಯೂರೋಪಿನಲ್ಲೇ ಅತಿ ಹೆಚ್ಚು ಜನರನ್ನು ಸೆರೆಗೆ ಹಾಕುವುದು ವೇಲ್ಸ್ ಎಂದು ಕಂಡರು. ಹಣ ಕೊಡುವವರಿಗೆ ಈ ದಾರಿ ಬದಲಿಸುವ ಹಕ್ಕಿಲ್ಲ.

ನಾಡು ಚಿಕ್ಕದು, ಇಷ್ಟು ಭಾರ ಹೊರಲಾರದು ಎಂಬ ಆಕ್ಷೇಪವಿದೆ. ವೇಲ್ಸ್‌ನ ಜನಸಂಖ್ಯೆ ಸುಮಾರು 31 ಲಕ್ಷ. ಈ ಹೊಣೆಯನ್ನು ಆಗಲೇ ಹೊತ್ತಿರುವ ಉತ್ತರ ಐರ್ಲೆಂಡಿನದು ಅದಕ್ಕಿಂತ ಕಡಿಮೆ, ಸುಮಾರು 19 ಲಕ್ಷ. ವಕೀಲಿ ವೃತ್ತಿ ಎರಡಾಗಿ ಒಡೆಯುತ್ತದೆ ಎಂಬ ಆತಂಕ ಇದಕ್ಕಿಂತ ಗಂಭೀರವಾದದ್ದು. ಆದರೆ ನ್ಯಾಯವ್ಯಾಪ್ತಿ ಬೇರೆಯಾದರೂ ವಕೀಲರು ಎರಡೂ ಕಡೆ ವಾದಿಸಬಹುದೆಂದು ಕಾನೂನು ಮಾಡಿದರೆ ಅದಕ್ಕೆ ಪರಿಹಾರವಿದೆ.

4. ವೇಲ್ಸ್‌ಗೆ ಕಾನೂನು ಮಾಡುವ ಸಂಸತ್ತಿನ ಅಧಿಕಾರಕ್ಕೆ ಈ ಕಾಯ್ದೆಯಿಂದ ಧಕ್ಕೆಯಿಲ್ಲ. ಆದರೆ ಸೆನೆದ್‌ಗೆ ವಹಿಸಿದ ವಿಷಯಗಳಲ್ಲಿ ಅದರ ಒಪ್ಪಿಗೆಯಿಲ್ಲದೆ ಸಾಮಾನ್ಯವಾಗಿ ಕಾನೂನು ಮಾಡುವುದಿಲ್ಲ.

ಇಲ್ಲಿ ಎಲ್ಲ ತೂಕವೂ ‘ಸಾಮಾನ್ಯವಾಗಿ’ ಎಂಬುದರ ಮೇಲಿದೆ. ಇಂಥ ವಾಗ್ದಾನ ರಾಜಕೀಯ ಸಂಪ್ರದಾಯ, ಅದನ್ನು ನ್ಯಾಯಾಲಯ ಜಾರಿಗೊಳಿಸಲಾಗದು ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. 2020ರ ಆಂತರಿಕ ಮಾರುಕಟ್ಟೆ ಕಾಯ್ದೆ ಸೆನೆದ್‌ನ ಒಪ್ಪಿಗೆಯಿಲ್ಲದೆಯೇ ಬಂತು. ವೇಲ್ಸ್ ಜನರಿಗೆ ಇದು ಹಳೆಯ ಗಾಯ. ಲಿವರ್‌ಪೂಲ್ ನಗರದ ನೀರಿಗಾಗಿ ಟ್ರಿವೆರಿನ್ ಕಣಿವೆಯಲ್ಲಿ ಅಣೆಕಟ್ಟು ಕಟ್ಟುವ ಕಾಯ್ದೆಯನ್ನು, ವೇಲ್ಸ್‌ನ ಬಹುತೇಕ ಸಂಸದರ ವಿರೋಧವಿದ್ದರೂ, ಸಂಸತ್ತು 1957ರಲ್ಲಿ ಅಂಗೀಕರಿಸಿತು. 1965ರ ಹೊತ್ತಿಗೆ ಕಾಪೆಲ್ ಕೆಲಿನ್ ಹಳ್ಳಿ ನೀರಿನಡಿ ಸೇರಿತು. ಇಂದಿಗೂ ವೇಲ್ಸ್‌ನ ಕಡಲತಳವನ್ನು ನಿರ್ವಹಿಸುವ ಕ್ರೌನ್ ಎಸ್ಟೇಟ್ ಎಂಬ ರಾಜಸಂಪತ್ತಿನ ಸಂಸ್ಥೆಯ ಲಾಭ ಲಂಡನ್ನಿನ ಖಜಾನೆಗೆ ಹೋಗುತ್ತದೆ. ಸ್ಕಾಟ್ಲೆಂಡ್ ತನ್ನ ಪಾಲಿನ ನಿರ್ವಹಣೆಯನ್ನು 2017ರಲ್ಲೇ ಪಡೆಯಿತು.

ರೋವನ್ ವಿಲಿಯಮ್ಸ್ ಮತ್ತು ಲಾರಾ ಮೆಕ್ಅಲಿಸ್ಟರ್ ಅವರ ಜಂಟಿ ಅಧ್ಯಕ್ಷತೆಯ ಸಂವಿಧಾನ ಆಯೋಗವೂ 2024ರಲ್ಲಿ ನ್ಯಾಯ ಮತ್ತು ಪೊಲೀಸ್ ಹೊಣೆಯನ್ನು ಹಸ್ತಾಂತರಿಸಿ ಎಂದಿತು. ಒಂದೇ ದಿನದಲ್ಲಿ ಎಲ್ಲವೂ ಆಗಬೇಕಿಲ್ಲ. ಪೊಲೀಸ್, ಬಾಲನ್ಯಾಯ, ಪ್ರೊಬೇಷನ್ ಮೊದಲು. ಸೆರೆಮನೆ, ನ್ಯಾಯಾಲಯ ಆಮೇಲೆ. ಪ್ರತಿ ಹಂತಕ್ಕೂ ತಕ್ಕ ಹಣ ಜೊತೆಗೆ ಬರಬೇಕು. ಹಾಗಾಗಬೇಕಾದರೆ ಮೂರನೆಯ ಸಾಲಿನ ಮೀಸಲು ಪಟ್ಟಿಯಿಂದ ಈ ವಿಷಯಗಳನ್ನು ಸಂಸತ್ತು ತೆಗೆಯಬೇಕು. ಆಗ ತಪ್ಪಾದರೆ ಯಾರನ್ನು ಕೇಳಬೇಕು, ಮುಂದಿನ ಚುನಾವಣೆಯಲ್ಲಿ ಯಾರನ್ನು ಇಳಿಸಬೇಕು ಎಂಬುದು ವೇಲ್ಸ್‌ನ ಮತದಾರನಿಗೆ ಗೊತ್ತಿರುತ್ತದೆ.